ಪೊರ್ಬುಗಳ ಶುಕ್ರವಾರ

ಕಳೆದ ವಾರ ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದಳು. ಮೇಲಿನ ಶೆಲ್ಫಿನ ಮೂಲೆಯಲ್ಲಿ ಒಂದು ಹಳೆಯ ಜಾಮ್ ಬಾಟಲಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು, ನನ್ನ ಕೈಗೆ ಕೊಟ್ಟಳು. ತಿರುಗಿಸಿ ತೆಗೆದದ್ದೇ ತಡ, ವಾಸನೆ ಮೂಗಿಗೆ ಬಡಿಯಿತು. ಹುಳಿ, ಸ್ವಲ್ಪ ಹೊಗೆ, ಹಳೆಯ ಉಪ್ಪಿನಕಾಯಿ ಭರಣಿಯ ತಳ... ಒಳಗೆ ನಾಲ್ಕೈದು ಕರಿ ನಿಂಬೆಕಾಯಿಗಳಿದ್ದವು. ಇಲ್ಲಿಯವರು ಇದಕ್ಕೆ ಲೂಮಿ ಅನ್ನುತ್ತಾರೆ. ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಬಿಸಿಲಿಗೆ ಹಾಕಿ ಒಣಗಿಸುತ್ತಾರೆ. ಅನ್ನಕ್ಕೂ ಮಾಂಸದ ಸಾರಿಗೂ ಇಡಿಯಾಗಿ ಹಾಕುತ್ತಾರೆ.

"ಎಷ್ಟು ವರ್ಷದ್ದೋ ಎಂತದೋ, ಬಿಸಾಡ್ತೇನೆ" ಎಂದಳು ಹೆಂಡತಿ. ಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಪೊರ್ಬುಗಳು ಹೋದ ತಿಂಗಳು ತೀರಿಕೊಂಡ ಸುದ್ದಿ ಅವಳಿಗೂ ಗೊತ್ತಿತ್ತು.

ನಮ್ಮ ಕಡೆ ತುಳು ಮಾತಾಡುವವರು ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಎನ್ನುವುದು ವಾಡಿಕೆ. ದೋಹಾದಲ್ಲಿ ಪೊರ್ಬುಗಳು ನೂರಾರು ಮಂದಿ ಇದ್ದಾರೆ. ಆದರೆ ನಮ್ಮ ಕಂಪನಿಯಲ್ಲಿ ಬರೀ 'ಪೊರ್ಬುಗಳು' ಎಂದರೆ ಅವರೊಬ್ಬರೇ. ಉಡುಪಿ ಕಡೆಯವರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪ್ ಇದೆಯಲ್ಲ, ಅಲ್ಲಿನ ಮೆಸ್ಸಿಗೆ ಮೀನು, ಕೋಳಿ, ತರಕಾರಿ ತರುವ ಕೆಲಸ ಅವರದು. ಬಿಲ್ಲು ಕೊಡಲು ವಾರಕ್ಕೊಮ್ಮೆ ನಮ್ಮ ಆಫೀಸಿಗೂ ಬರುತ್ತಿದ್ದರು. ಅದೇ ಕ್ಯಾಂಪಿನ ಮೂಲೆಯ ಒಂದು ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದರು. ಹೆಂಡತಿ ಊರಿನಲ್ಲೇ ಇದ್ದು ಊರಿನಲ್ಲೇ ಹೋಗಿಬಿಟ್ಟಿದ್ದರು. ಮಗಳೊಬ್ಬಳು, ಮದುವೆಯಾಗಿ ಆಕೆಯ ಪಾಡಿಗೆ ಆಕೆ ಚೆನ್ನಾಗಿದ್ದಳು.

ಊರಿನಿಂದ ಯಾರೇ ಹೊಸಬರು ಬರಲಿ, ಕೆಲಸಕ್ಕೆ ಬಂದವರಾಗಲಿ, ಮಗನ ಮನೆಗೆ ಮೂರು ತಿಂಗಳಿಗೆಂದು ಬಂದ ತಂದೆತಾಯಿಗಳಾಗಲಿ, ಮೊದಲ ಶುಕ್ರವಾರ ಅವರನ್ನು ಪೊರ್ಬುಗಳಿಗೆ ಒಪ್ಪಿಸಬೇಕು. ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ನಾನು ಬರುವಾಗಲೇ ಇತ್ತು. ಬೆಳಿಗ್ಗೆ ಆರಕ್ಕೆ ಕಂಪನಿಯ ಪಿಕಪ್ ಬಂದು ಕಟ್ಟಡದ ಕೆಳಗೆ ಎರಡು ಸಲ ಹಾರ್ನ್ ಹೊಡೆಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ತಲೆ. ಚರ್ಚಿಗೆ ಹೋಗುವುದಕ್ಕೂ ಮೀನು ಮಾರುಕಟ್ಟೆಗೆ ಹೋಗುವುದಕ್ಕೂ ಒಂದೇ ಅಂಗಿ.

ನನ್ನನ್ನು ಕರೆದುಕೊಂಡು ಹೋಗಿ ಹದಿನಾಲ್ಕು ವರ್ಷ ಆಯಿತು. ಆಗ ನಾನು ಮುಶೈರಿಬ್‌ನ ಒಂದು ಹಳೇ ಕಟ್ಟಡದಲ್ಲಿ ಐದು ಜನರ ಜೊತೆ ಕೋಣೆ ಹಂಚಿಕೊಂಡಿದ್ದೆ. ಈಗ ಆ ಕಟ್ಟಡವೂ ಇಲ್ಲ, ಆ ಬೀದಿಯೂ ಇಲ್ಲ, ಗಾಜಿನ ಅಂಗಡಿಗಳಾಗಿವೆ. ಬಂದು ನಾಲ್ಕು ದಿನವಾಗಿತ್ತಷ್ಟೇ. ವಾಪಸ್ ಹೋಗಿಬಿಡೋಣ ಎನ್ನುವ ಯೋಚನೆ ನಾಲ್ಕೂ ದಿನ ತಲೆಯಲ್ಲಿತ್ತು. ಯಾರಿಗೂ ಹೇಳಿರಲಿಲ್ಲ. ಪಿಕಪ್ಪಿನಲ್ಲಿ ಕೂತಾಗ ಪೊರ್ಬುಗಳು ಕೇಳಿದ್ದು ಒಂದೇ ಪ್ರಶ್ನೆ. "ಊಟ ಸೇರ್ತದಾ?" ಇಲ್ಲ ಎಂದೆ. "ಯಲ್ಲಾ, ಹೋಗಿ ನೋಡುವ" ಎಂದು ಗೇರು ಹಾಕಿದರು.

ಅವರ ಕ್ರಮವೇ ಬೇರೆ. ಮೊದಲ ದಿನ ಏನನ್ನೂ ಕೊಳ್ಳುವ ಹಾಗಿಲ್ಲ. ಚೀಲ ತಂದವರ ಚೀಲವನ್ನು ಗಾಡಿಯಲ್ಲೇ ಇಡಿಸುತ್ತಿದ್ದರು. ಎತ್ತರದ ಕಟ್ಟಡ, ಕಡಲ ದಂಡೆಯ ದೀಪ ಇದನ್ನೆಲ್ಲ ಯಾರು ಬೇಕಾದರೂ ತೋರಿಸುತ್ತಾರೆ, ಅದು ನನ್ನ ಕೆಲಸವಲ್ಲ ಎನ್ನುತ್ತಿದ್ದರು. ಮೊದಲು ಮೀನು ಮಾರುಕಟ್ಟೆ. ಅಲ್ಲಿ ಅಂಜಲ್ ಎಲ್ಲಿ, ಬಂಗುಡೆ ಎಲ್ಲಿ, ಇಲ್ಲಿಯವರು ಜೀವ ಬಿಡುವ ಹಮೂರ್ ಯಾವುದು ಎಂದು ಒಂದೊಂದನ್ನೂ ಎತ್ತಿ, ಕಿವಿರು ಬಿಡಿಸಿ, ತಾವು ಮೂಸಿ, ಆಮೇಲೆ ಹೊಸಬರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಅಲ್ಲಿಂದ ತರಕಾರಿ ಮಾರುಕಟ್ಟೆ. ಸೊಪ್ಪಿನ ಕಟ್ಟುಗಳ ನಡುವೆ ನಿಲ್ಲಿಸಿ ಕಣ್ಣು ಮುಚ್ಚಿ ಎನ್ನುತ್ತಿದ್ದರು. ಕೊನೆಗೆ ಹಳೇ ಪೇಟೆ ಸೂಕ್ ವಾಕಿಫ್‌ನ ಸಂಬಾರ ಸಾಮಾನಿನ ಗಲ್ಲಿ. ಶುಕ್ರವಾರ ಬೆಳಿಗ್ಗೆ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಆದರೆ ಒಬ್ಬ ಮುದುಕ ವ್ಯಾಪಾರಿ ಇವರಿಗೋಸ್ಕರ ಅರ್ಧ ಬಾಗಿಲು ತೆಗೆದು ಒಳಗೆ ಸ್ಟೂಲು ಹಾಕಿ ಕಾಯುತ್ತಿದ್ದ. ಇಬ್ಬರೂ ಸಲಾಂ ಮಾಡಿಕೊಂಡು, ಮನೆಯವರ ಆರೋಗ್ಯ ವಿಚಾರಿಸಿಕೊಂಡು, ಹೊಸಬರನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಕರಿ ನಿಂಬೆಯನ್ನು ಕಲ್ಲಿನಿಂದ ಒಡೆದು ಅಂಗೈಯಲ್ಲಿ ಇಡುತ್ತಿದ್ದರು.

"ಇದು ಊರಿನ ಯಾವ ವಾಸನೆ, ಹೇಳಿ."

ಇದಕ್ಕೆ ಉತ್ತರ ಹೇಳದೆ ಯಾರೂ ಎದ್ದು ಬರುವ ಹಾಗಿರಲಿಲ್ಲ. ನಾನು ಮಹಾ ಜಾಣನಲ್ಲವೇ, "ನಮ್ಮ ಪಿ.ಟಿ. ಮಾಸ್ಟ್ರ ಶೂ" ಎಂದೆ. ಎಲ್ಲಿ ಹೋದರೂ ನಾಲ್ಕು ಜನರನ್ನು ನಗಿಸುವುದು ನನ್ನ ಚಟ. ಪೊರ್ಬುಗಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಇನ್ನೊಮ್ಮೆ ಮೂಸಿ" ಎಂದರು. ಮೂಸಿದೆ. ನನ್ನ ಅಮ್ಮ ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಸಂಜೆ ಬಂದು ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಕೈ ತೊಳೆದ ಮೇಲೆಯೇ ನನ್ನನ್ನು ಮುಟ್ಟುತ್ತಿದ್ದಳು. ಆಗ ಅವಳ ಕೈಯಲ್ಲಿ ಉಳಿಯುತ್ತಿದ್ದ ವಾಸನೆ ಇದು. ಆಫೀಸಿನಲ್ಲಿ ಯಾರಿಗೂ ಅಮ್ಮನ ಕೆಲಸ ಹೇಳಬಾರದು ಎಂದುಕೊಂಡು ಬಂದವನು, ನಾಲ್ಕು ದಿನಕ್ಕೇ ಅಪರಿಚಿತರೊಬ್ಬರ ಎದುರು ಹೇಳಿಬಿಟ್ಟೆ. ಪೊರ್ಬುಗಳು ತಲೆಯಾಡಿಸಿ, ಹೊರಗೆ ಕರೆದುಕೊಂಡು ಹೋಗಿ ಇಲ್ಲಿಯ ಗಟ್ಟಿ ಕರಕ್ ಚಾ ಕುಡಿಸಿದರು. ವಾಪಸ್ ಹೋಗುವ ಯೋಚನೆ ಆಮೇಲೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಆದರೆ ದಿನವೂ ಬರಲಿಲ್ಲ.

ಅವರಿಗೆ ಎಲ್ಲರ ಉತ್ತರವೂ ನೆನಪಿರುತ್ತಿತ್ತು. ಹತ್ತು ವರ್ಷದ ಹಿಂದೆ ಬಂದು ಹೋದವರದ್ದು ಕೂಡ. ಒಬ್ಬರಿಗೆ ಅಜ್ಜಿಯ ಪೆಟ್ಟಿಗೆ, ಇನ್ನೊಬ್ಬರಿಗೆ ಮಾವಿನ ಮಿಡಿಯ ಭರಣಿ, ಮತ್ತೊಬ್ಬರಿಗೆ ಆಯುರ್ವೇದ ಅಂಗಡಿ. ಒಮ್ಮೆ ಥಾಯ್ಲೆಂಡಿನಿಂದ ಒಬ್ಬ ಎಂಜಿನಿಯರ್ ನಮ್ಮ ಆಫೀಸಿಗೆ ಬಂದಿದ್ದ. ಇಲ್ಲಿಯ ಯಾವ ಊಟವೂ ಅವನಿಗೆ ಹಿಡಿಸದೆ ಬಿಸ್ಕೆಟ್ ತಿಂದುಕೊಂಡಿದ್ದ. ಅವನನ್ನೂ ಪೊರ್ಬುಗಳು ಬಿಡಲಿಲ್ಲ. ಮೀನು ಮಾರುಕಟ್ಟೆಯಲ್ಲಿ ಅವನೇ ಇವರಿಗೆ ಪಾಠ ಹೇಳಿದನಂತೆ. ಅವನ ಊರಿನಲ್ಲಿ ಕಾಲುವೆಯ ಪಕ್ಕ ಬೆಳಗಿನ ಸಂತೆ, ಅವನ ತಾಯಿಯದು ಅಲ್ಲಿ ಒಣಸಿಗಡಿಯ ಅಂಗಡಿ. ಕರಿ ನಿಂಬೆ ಮೂಸಿದವನು ಆ ಅಂಗಡಿಯ ಹಲಗೆಯ ವಾಸನೆ ಎಂದನಂತೆ. "ನಮ್ಮ ಊರಿಗೆ ಬಾ, ನಾನು ನಿನಗೆ ಸಂತೆ ತೋರಿಸುತ್ತೇನೆ" ಎಂದು ಕರೆದಿದ್ದನಂತೆ. ಪೊರ್ಬುಗಳು ಅದನ್ನು ಎಷ್ಟು ಸಲ ಹೇಳಿಕೊಂಡಿದ್ದಾರೋ. ಥಾಯ್ಲೆಂಡಿಗೆ ಹೋಗಲೇ ಇಲ್ಲ, ಆ ಮಾತು ಬೇರೆ.

ಆಮೇಲೆ ಆ ಕಾಯಿಲೆಯ ವರ್ಷ ಬಂತು. ಕ್ಯಾಂಪಿನಲ್ಲಿ ಬಹಳ ಜನರಿಗೆ ಬಂದು ಹೋಯಿತು, ಪೊರ್ಬುಗಳಿಗೂ. ಹುಷಾರಾಗಿ ಮತ್ತೆ ಮಾರುಕಟ್ಟೆಗೆ ಓಡಾಡತೊಡಗಿದರು. ವಿಮಾನಗಳು ಶುರುವಾಗಿ ಹೊಸಬರು ಬರತೊಡಗಿದ ಮೇಲೆ ಶುಕ್ರವಾರದ ಹಾರ್ನ್ ಮತ್ತೆ ಕೇಳಿಸಿತು. ಎಲ್ಲ ಮೊದಲಿನ ಹಾಗೇ ಇದೆ ಎಂದುಕೊಂಡೆವು. ಒಂದು ವ್ಯತ್ಯಾಸ ನಾನು ಗಮನಿಸಿದ್ದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಮೊದಲೆಲ್ಲ ಹೊಸಬರ ಉತ್ತರ ಕೇಳಿ ತಲೆಯಾಡಿಸಿ ಏಳುತ್ತಿದ್ದವರು, ಈಗ ಬಿಡದೆ ಕೇಳುತ್ತಿದ್ದರು. ಹುಳಿ ಮೊದಲು ಬರ್ತದಾ, ಹೊಗೆ ಮೊದಲು ಬರ್ತದಾ? ಗಂಟಲಿಗೆ ಇಳೀತದಾ? ಪ್ರಾಯವಾಯಿತು, ಮಾತು ಜಾಸ್ತಿಯಾಗಿದೆ ಎಂದು ನಾವು ತಮಾಷೆ ಮಾಡಿದೆವು.

ನಾಲ್ಕು ವರ್ಷದ ಹಿಂದೆ, ಚಳಿಗಾಲದಲ್ಲಿ, ಅಮ್ಮ ದೋಹಾಕ್ಕೆ ಬಂದಳು. ಅದು ಅವಳ ಮೊದಲ ವಿಮಾನ. ಅರುವತ್ತನಾಲ್ಕು ವರ್ಷ, ಮಂಡಿ ನೋವು, ತುಳು ಬಿಟ್ಟರೆ ಸ್ವಲ್ಪ ಕನ್ನಡ. ಸೂಟ್‌ಕೇಸಿನಲ್ಲಿ ಮೂರು ಪದರ ಪ್ಲಾಸ್ಟಿಕ್ ಸುತ್ತಿದ ಒಣಮೀನು. ಮೊದಲ ಶುಕ್ರವಾರ ಪಿಕಪ್ ಬಂತು. ಪೊರ್ಬುಗಳು ಕೆಳಗಿಳಿದು ಕೈಮುಗಿದು, "ಹುಣಸೆಹುಳಿಯ ಅಮ್ಮ ಇವರೇನಾ?" ಎಂದರು. ಹತ್ತು ವರ್ಷದ ಹಿಂದಿನ ನನ್ನ ಉತ್ತರ! ಅಮ್ಮನಿಗೆ ತಲೆಬುಡ ಗೊತ್ತಾಗಲಿಲ್ಲ, ಆದರೆ ತುಳುವಿನಲ್ಲಿ ಮಾತಾಡುವವರು ಸಿಕ್ಕಿದರಲ್ಲ, ಮುಂದಿನ ಸೀಟಿನಲ್ಲಿ ಕೂತು ಊರು, ಮೀನು, ಬೋಟು ಎಂದು ಶುರು ಮಾಡಿದಳು. ನಾನು ಹಿಂದೆ.

ಮೀನು ಮಾರುಕಟ್ಟೆಯನ್ನು ನೋಡಿ ಅಮ್ಮ ಬಾಗಿಲಲ್ಲೇ ನಿಂತಳು. ಟೈಲ್ಸ್ ನೆಲ, ಬಿಳಿ ದೀಪ, ಮೈಕೊರೆಯುವ ತಂಪು. "ಇಲ್ಲಿ ಮೀನಿಗೂ ಏಸಿ ಉಂಟಾ!" ಪೊರ್ಬುಗಳಿಗೆ ಹುರುಪು ಬಂತು. ನಲವತ್ತು ವರ್ಷ ಮೀನು ಮಾರಿದವಳಿಗೆ ಮೀನು ತೋರಿಸುವ ಅವಕಾಶ ಎಷ್ಟು ಜನರಿಗೆ ಸಿಕ್ಕೀತು? ಐಸಿನ ಮೇಲಿನಿಂದ ಒಂದು ದೊಡ್ಡ ಅಂಜಲ್ ಎತ್ತಿ, ಕಿವಿರು ಬಿಡಿಸಿ, ಕಣ್ಣು ಮುಚ್ಚಿ ಉದ್ದಕ್ಕೆ ಮೂಸಿದರು. "ಫಸ್ಟ್ ಕ್ಲಾಸ್! ಕಡಲಿನಿಂದ ಈಗ ಎದ್ದು ಬಂದ ಹಾಗೆ ಉಂಟು ನೋಡಿ ಅಕ್ಕ." ಅಮ್ಮ ಬಗ್ಗಲೂ ಇಲ್ಲ, ಮುಟ್ಟಲೂ ಇಲ್ಲ. ಎರಡು ಮಾರು ದೂರದಿಂದಲೇ ಸೆರಗು ಮೂಗಿಗೆ ಹಿಡಿದಳು. ಆಮೇಲೆ, ಮಾರುವವನು ನೋಡುತ್ತಿದ್ದಾನೆಂದು ಸೆರಗು ಇಳಿಸಿ, "ಇದರ ಕಣ್ಣು ನಂಗೆ ಸರಿ ಕಾಣ್ಲಿಲ್ಲ. ಮುಂದೆ ಹೋಗುವ" ಎಂದಳು.

ಮುಂದಿನ ಸಾಲು ಮೀನು ಕತ್ತರಿಸುವವರದು. ಅಲ್ಲಿ ಕಂಬದ ಪಕ್ಕಕ್ಕೆ ಅವರನ್ನು ಕರೆದು ಅಮ್ಮ ಏನೋ ಕೇಳಿದಳು. ನಾನು ಕಂಬದ ಇನ್ನೊಂದು ಬದಿಯಲ್ಲಿ ಫೋನ್ ನೋಡುತ್ತಾ ನಿಂತಿದ್ದೆ. ನಾನಲ್ಲಿರುವುದು ಇಬ್ಬರಿಗೂ ಗೊತ್ತಿರಲಿಲ್ಲ. ಪೊರ್ಬುಗಳು ಮೆಲ್ಲಗೆ ಅಂದದ್ದು ನನಗೆ ಸರಿಯಾಗಿ ಕೇಳಿಸಿತು.

"ಎನ್ನ ಮೂಂಕು ಪೋತುಂಡು ಅಕ್ಕ... ಏರೆಗ್ಲಾ ಪನೊಡ್ಚಿ."

ನನ್ನ ಮೂಗು ಹೋಗಿದೆ ಅಕ್ಕ, ಯಾರಿಗೂ ಹೇಳಬೇಡಿ. ಕಾಯಿಲೆ ವಾಸಿಯಾದರೂ ವಾಸನೆ ಮಾತ್ರ ಹಿಂದೆ ಬರಲಿಲ್ಲವಂತೆ. ಉಳಿದವರಿಗೆಲ್ಲ ತಿಂಗಳಲ್ಲಿ ಬಂತು, ಇವರಿಗೆ ವರ್ಷ ಕಳೆದರೂ ಇಲ್ಲ. ಅನ್ನ ತಿಂದರೂ ಹತ್ತಿ ತಿಂದ ಹಾಗೆ. ಗೊತ್ತಾದರೆ ಕಂಪನಿ ಇಟ್ಟುಕೊಳ್ಳುವುದಿಲ್ಲ, ಮಾರುಕಟ್ಟೆಗೆ ಕಳಿಸುವುದಿಲ್ಲ, ಪ್ರಾಯ ಬೇರೆ ಆಗಿದೆ, ಖಲಾಸ್. "ಊರಿಗೆ ಹೋಗಿ ನಾನು ಎಂತ ಮಾಡ್ಲಿ ಅಕ್ಕ? ಅಲ್ಲಿ ನನ್ನ ಗುರ್ತ ಯಾರಿಗುಂಟು? ಇಲ್ಲಿಯಾದ್ರೆ ನಾಲ್ಕು ಜನ ಪೊರ್ಬುಗಳೇ ಅಂತ ಕರೀತಾರೆ" ಎಂದರು.

ಅಮ್ಮ ಹೇಳಿದ್ದು ಇಷ್ಟೇ. "ಕಡಲಿನ ಆಣೆ. ನನ್ನ ಬಾಯಿಂದ ಹೊರಗೆ ಬರುದಿಲ್ಲ."

ಅವಳು ಮಾತು ಉಳಿಸಿಕೊಂಡಳು. ಹೆತ್ತ ಮಗ ನನಗೂ ಹೇಳಲಿಲ್ಲ. ಅಲ್ಲಿಂದ ಮುಂದೆ ಮೂರು ತಿಂಗಳು, ಹೊಸಬರಿರಲಿ ಇಲ್ಲದಿರಲಿ, ಅಮ್ಮ ಪ್ರತಿ ಶುಕ್ರವಾರ ಪಿಕಪ್ ಹತ್ತುತ್ತಿದ್ದಳು. ಮಂಡಿ ನೋವು ಮರೆತೇ ಹೋಯಿತು. ಪೊರ್ಬುಗಳು ಮೀನು ಎತ್ತಿ ಮೂಸುತ್ತಿದ್ದರು. ಅಮ್ಮ ಹಿಂದೆ ನಿಂತು ಸೆರಗು ಸರಿ ಮಾಡಿಕೊಂಡರೆ ಮೀನು ಬೇಡ ಎಂದು ಲೆಕ್ಕ, ಕೈ ಕಟ್ಟಿ ನಿಂತರೆ ಅಡ್ಡಿಯಿಲ್ಲ. ಹೊಸಬರಿಗೆ ಪೊರ್ಬುಗಳ ಮೂಗಿನ ಮೇಲೆ ಅಪಾರ ಗೌರವ! ಹೊಸಬರಿಲ್ಲದ ದಿನ ಇಬ್ಬರೂ ಮುದುಕನ ಅಂಗಡಿಯಲ್ಲಿ ಕೂತಿರುತ್ತಿದ್ದರು. ಅಮ್ಮ ಒಂದೊಂದೇ ಡಬ್ಬ ಮೂಸಿ ಅದು ಹೇಗಿದೆ ಎಂದು ತುಳುವಿನಲ್ಲಿ ಹೇಳುತ್ತಿದ್ದಳು, ಪೊರ್ಬುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇದು ಬೋಟಿನ ಒಳಗಿನ ಮರದ ಹಾಗೆ. ಇದು ಭೂತದ ಕೋಲದಲ್ಲಿ ದೀಟಿಗೆ ನಂದಿಸಿದ ಮೇಲೆ ಬರ್ತದಲ್ಲ, ಹಾಗೆ." ಮುದುಕ ವ್ಯಾಪಾರಿಗೆ ಭಾಷೆ ಗೊತ್ತಿಲ್ಲದಿದ್ದರೂ ತಲೆಯಾಡಿಸುತ್ತಾ ಚಾ ಬಗ್ಗಿಸುತ್ತಿದ್ದ. ಪೊರ್ಬುಗಳನ್ನು ಅಷ್ಟು ಸಂತೋಷವಾಗಿ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅಮ್ಮನನ್ನು ಬೀಳ್ಕೊಡುವಾಗ ಒಂದು ಬಾಟಲಿ ಕರಿ ನಿಂಬೆ ತಂದುಕೊಟ್ಟರು. ತೂಕ ಜಾಸ್ತಿಯಾಯಿತೆಂದು ಅಮ್ಮ ಅದನ್ನು ನನ್ನ ಕೈಯಲ್ಲೇ ಬಿಟ್ಟು ಹೋದಳು.

ಇಲ್ಲಿಯವರೆಗೆ ಹೇಳುವುದು ಸುಲಭ...

ಅಮ್ಮ ಹೋಗಿ ಎರಡು ತಿಂಗಳಾಗಿರಬೇಕು. ಅಕೌಂಟ್ಸ್ ವಿಭಾಗಕ್ಕೆ ಮಂಗಳೂರಿನಿಂದ ಒಬ್ಬ ಹೊಸ ಹುಡುಗಿ ಸೇರಿದ್ದಳು, ಗಂಡನ ಜೊತೆ ಬಂದಿದ್ದಳು. ಗುರುವಾರ ಮಧ್ಯಾಹ್ನ ಯಾರದೋ ಹುಟ್ಟುಹಬ್ಬದ ಕೇಕ್ ತಿನ್ನುತ್ತಾ ಎಲ್ಲರೂ ಪ್ಯಾಂಟ್ರಿಯಲ್ಲಿ ಸೇರಿದ್ದೆವು. ನಾಳೆ ಪೊರ್ಬುಗಳ ಜೊತೆ ಹೋಗುವುದೆಂದು ಅವಳು ಹೇಳಿದಳು. ಯಾರೋ ಪೊರ್ಬುಗಳ ಮೂಗನ್ನು ಹೊಗಳಿದರು. ನನಗೆ ಒಳಗಿನಿಂದ ತುರಿಕೆ ಶುರುವಾಯಿತು. ಇಂಥ ಒಳ್ಳೆಯ ಕಥೆ ಹೊಟ್ಟೆಯಲ್ಲಿಟ್ಟುಕೊಂಡು ಐದು ತಿಂಗಳು ಸುಮ್ಮನಿದ್ದೆನಲ್ಲ, ಅದೇ ನನ್ನ ಮಟ್ಟಿಗೆ ದೊಡ್ಡದು. "ನೀನೇ ಸ್ವಲ್ಪ ಮೂಸಿ ನೋಡು ಮಾರಾಯ್ತಿ, ನಮ್ಮ ಗೈಡಿಗೆ ಮೂಗು ಶೋಕಿಗೆ ಇರುದು" ಎಂದೆ. ಏನು, ಏನು ಎಂದು ಎಲ್ಲರೂ ಮುತ್ತಿಕೊಂಡರು. ನಾನು ಎದ್ದು ನಿಂತು ಕೇಕಿನ ತಟ್ಟೆಯನ್ನೇ ಅಂಜಲ್ ಮಾಡಿಕೊಂಡು, ಕಣ್ಣು ಮುಚ್ಚಿ ಉದ್ದಕ್ಕೆ ಮೂಸಿ, ಫಸ್ಟ್ ಕ್ಲಾಸ್ ಎಂದು, ತಕ್ಷಣ ಪಕ್ಕಕ್ಕೆ ಹಾರಿ ಅಮ್ಮನ ಹಾಗೆ ಸೆರಗು ಎಳೆದು ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಮ್ಮೆ ಮಾಡು ಎಂದರು. ಇನ್ನೊಮ್ಮೆ ಮಾಡಿದೆ.

ಎರಡನೇ ಸಲ ಮಾಡುವಾಗ ನಗು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದೆ. ಬಾಗಿಲಲ್ಲಿ ಪೊರ್ಬುಗಳು, ಕೈಯಲ್ಲಿ ಚಾದ ಸ್ಟೀಲ್ ಫ್ಲಾಸ್ಕ್. ಯಾವಾಗ ಬಂದರೋ. ಮುಖದಲ್ಲಿ ಸಿಟ್ಟು ಇರಲಿಲ್ಲ. ನನ್ನ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ, "ಅಮ್ಮ ಹೇಳಿದ್ರಾ?" ಎಂದರು.

ಇಲ್ಲ, ನಾನೇ ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ ಎನ್ನಬೇಕಿತ್ತು. ಒಂದು ವಾಕ್ಯ. ಆದರೆ ಕದ್ದು ಕೇಳಿದವನು, ಕೇಳಿದ್ದನ್ನು ಆಡಿ ತೋರಿಸಿದವನು ಎಂದು ಎರಡೆರಡು ಹಣೆಪಟ್ಟಿ ಆ ಕ್ಷಣದಲ್ಲಿ ನನಗೆ ಬೇಡವಾಗಿತ್ತು. ತಾಯಿ ಮಗನಿಗೆ ಹೇಳಿದರೆ ಅದು ಮನೆಮಾತು, ದೊಡ್ಡ ತಪ್ಪೇನಲ್ಲ ಎಂದು ಬುದ್ಧಿ ಸರಕ್ಕನೆ ಲೆಕ್ಕ ಹಾಕಿತು. "ಹೂಂ" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ, ಒಂದು ಹೂಂ.

"ಹೌದಾ..." ಎಂದರು. ಫ್ಲಾಸ್ಕ್ ತುಂಬಿಸಿ, ಮುಚ್ಚಳ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ, ಹೋದರು.

ಮರುದಿನ ಆ ಹೊಸ ದಂಪತಿಯನ್ನು ಕರೆದುಕೊಂಡು ಹೋದರು. ಹೋಗಲಿಕ್ಕಿಲ್ಲ ಎಂದುಕೊಂಡಿದ್ದೆ. ಮೀನು ಮಾರುಕಟ್ಟೆಯಲ್ಲಿ ಅವರು ಯಾವುದನ್ನೂ ಮೂಸಲಿಲ್ಲವಂತೆ, ಕೈಯಲ್ಲಿ ತೋರಿಸಿದರಂತೆ ಅಷ್ಟೇ. ಮುದುಕನ ಅಂಗಡಿಯಲ್ಲಿ ನಿಂಬೆ ಒಡೆದು ಕೊಟ್ಟರಂತೆ, ಆದರೆ ಪ್ರಶ್ನೆ ಕೇಳಲಿಲ್ಲವಂತೆ. ಆ ಹುಡುಗಿ ಭಾನುವಾರ ಆಫೀಸಿನಲ್ಲಿ "ಪಾಪ, ಅವರಿಗೆ ಮೈ ಸರಿ ಇರಲಿಲ್ಲವಾ ಏನೋ" ಎಂದಳು. ಅದೇ ಪೊರ್ಬುಗಳ ಕೊನೆಯ ಶುಕ್ರವಾರ. ಹಾರ್ನ್ ಆಮೇಲೆ ಕೇಳಲಿಲ್ಲ.

ಪ್ಯಾಂಟ್ರಿಯ ಮಾತು ಪ್ಯಾಂಟ್ರಿಯಲ್ಲಿ ಉಳಿಯುತ್ತದೆಯೇ? ವಾರದೊಳಗೆ ಕ್ಯಾಂಪ್ ನೋಡಿಕೊಳ್ಳುವ ಮ್ಯಾನೇಜರ ಕಿವಿಗೆ ಬಿತ್ತು. ಇಷ್ಟು ಜನರಿಗೆ ಮೀನು ಮಾಂಸ ಆರಿಸುವವನಿಗೆ ವಾಸನೆ ಬರುವುದಿಲ್ಲವೇ ಎಂದು ಅವರು ಗಾಬರಿಯಾದರು. ಅವರದ್ದೇನೂ ತಪ್ಪಲ್ಲ, ಅವರ ಜಾಗದಲ್ಲಿ ಯಾರಿದ್ದರೂ ಗಾಬರಿಯಾಗುತ್ತಿದ್ದರು. ಪೊರ್ಬುಗಳನ್ನು ಸ್ಟೋರಿನಲ್ಲಿ ಫೈಲು ಜೋಡಿಸುವ ಕೆಲಸಕ್ಕೆ ಹಾಕಿದರು. ಆಮೇಲೆ ಮೆಸ್ಸಿನ ಅಡುಗೆಯವನು, ಮಲಯಾಳಿ, ನನ್ನ ಹತ್ತಿರ ಬಂದು ಹೇಳಿದ. ಕಾಯಿಲೆಯಾದ ಲಾಗಾಯ್ತು ಪೊರ್ಬುಗಳು ಕ್ಯಾಂಪಿನ ಸಾಮಾನಿಗೆ ಒಂದು ದಿನವೂ ಒಬ್ಬರೇ ಹೋದವರಲ್ಲವಂತೆ. ಇವನನ್ನು ಜೊತೆಗೆ ಕರೆದುಕೊಂಡು ಹೋಗಿ, ಪ್ರತಿಯೊಂದು ಪೆಟ್ಟಿಗೆಯನ್ನೂ ಇವನಿಂದ ಮೂಸಿಸಿಯೇ ಗಾಡಿಗೆ ಹಾಕಿಸುತ್ತಿದ್ದರಂತೆ. ಕೆಲಸಗಾರರ ತಟ್ಟೆಯ ವಿಷಯದಲ್ಲಿ ಅವರು ಆಟ ಆಡಲಿಲ್ಲ. ಶುಕ್ರವಾರ ಮಾತ್ರ ಮೂಗಿಲ್ಲದೆ ಬರೀ ಧೈರ್ಯದ ಮೇಲೆ ನಡೆಸುತ್ತಿದ್ದರು. ಇದನ್ನು ನಾನು ಮ್ಯಾನೇಜರಿಗೆ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಅಷ್ಟರಲ್ಲಿ ವೀಸಾ ನವೀಕರಿಸುವುದು ಬೇಡವೆಂದು ಮೇಲಿನಿಂದ ತೀರ್ಮಾನವಾಗಿತ್ತು.

ಬೇಸಿಗೆಯಲ್ಲಿ ಅವರು ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಬಿಡುತ್ತೇನೆಂದೆ. ಇಂಡಸ್ಟ್ರಿಯಲ್ ಏರಿಯಾದಿಂದ ಅಲ್ಲಿಗೆ ಅರ್ಧ ಗಂಟೆ. ಅಷ್ಟರೊಳಗೆ ಹೇಳಿಬಿಡಬೇಕೆಂದು ಹಿಂದಿನ ದಿನವೇ ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಕಾರು ಹತ್ತಿದ ಕೂಡಲೇ ಬಾಯಿಗೆ ಬಂದದ್ದು ತಮಾಷೆ. ಇಪ್ಪತ್ತೆಂಟು ವರ್ಷದ ಸಾಮಾನು ಎರಡೇ ಪೆಟ್ಟಿಗೆಯಾ ಎಂದೆ, ಊರಿನಲ್ಲಿ ಇನ್ನು ಜೋರು ಎಂದೆ, ಏನೇನೋ ಅಂದೆ. ಅವರು ಸೌಜನ್ಯಕ್ಕೆ ನಕ್ಕರು. ಒಳಗೆ ಹೋಗುವ ಮುಂಚೆ ಕೈ ಕುಲುಕಿ, "ಅಮ್ಮನಿಗೆ..." ಎಂದು ಶುರು ಮಾಡಿದರು. ನಾನು ಕಾದೆ. ಅವರು ಪೆಟ್ಟಿಗೆ ತಳ್ಳಿಕೊಂಡು ಒಳಗೆ ಹೋದರು.

ಆಮೇಲೆ ಫೋನ್ ಮಾಡಬಹುದಿತ್ತು. ನಂಬರ್ ಇತ್ತು. ಊರಿಗೆ ಎರಡು ಸಲ ಹೋದೆ, ಉಡುಪಿಯಿಂದ ಅವರ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ಮಗುವಿಗೆ ಜ್ವರ, ಮದುವೆ ಊಟ, ಬ್ಯಾಂಕ್ ಕೆಲಸ... ನೆಪಕ್ಕೆ ಬರವೇ? ಅಮ್ಮ ಫೋನಿನಲ್ಲಿ ಆಗಾಗ ಕೇಳುತ್ತಿದ್ದಳು, ಪೊರ್ಬುಗಳು ಹೇಗಿದ್ದಾರೆ ಎಂದು. ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಕಳೆದ ವರ್ಷದಿಂದ ಯಾಕೋ ಕೇಳುವುದನ್ನು ಬಿಟ್ಟಿದ್ದಳು. ಬಿಟ್ಟದ್ದು ನನಗೆ ಅನುಕೂಲವೇ ಆಯಿತು. ಹೋದ ತಿಂಗಳು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಎಲ್ಲರ ಜೊತೆ ನಾನೂ ಒಂದು ಹಾಕಿದೆ.

ಬಾಟಲಿ ಸಿಕ್ಕಿದ ದಿನ ಮಧ್ಯಾಹ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಸಾವಿನ ಸುದ್ದಿ ಹೇಳಿದೆ. ಅಮ್ಮ, "ಹೋದ ವರ್ಷ ಒಮ್ಮೆ ನೋಡಿದ್ದೆ" ಎಂದಳು. ನನಗೆ ಗೊತ್ತೇ ಇರಲಿಲ್ಲ. ಉಡುಪಿ ಬಸ್ ಸ್ಟ್ಯಾಂಡಿನಲ್ಲಿ, ಬಿಳಿ ಶರ್ಟು ಹಾಕಿ ಒಬ್ಬರೇ ನಿಂತಿದ್ದರಂತೆ. ಇವಳು ಸಂತೋಷದಿಂದ ಪೊರ್ಬುಗಳೇ ಎಂದು ಕರೆದುಕೊಂಡು ಹತ್ತಿರ ಹೋದಳಂತೆ. ಅವರು ನೋಡಿದರಂತೆ. ಗುರುತು ಸಿಕ್ಕಿದ್ದು ಕಣ್ಣಲ್ಲಿ ಕಂಡಿತಂತೆ. ಆಮೇಲೆ ಮುಖ ತಿರುಗಿಸಿ, ಸಿಕ್ಕಿದ ಬಸ್ಸು ಹತ್ತಿ ಹೋದರಂತೆ.

"ಆ ಬಸ್ಸು ಅವರ ಊರಿನದ್ದು ಕೂಡ ಅಲ್ಲ" ಎಂದಳು ಅಮ್ಮ. "ನಾನು ಎಂತ ತಪ್ಪು ಮಾಡಿದೆ ಅಂತ ಎಷ್ಟು ದಿನ ಯೋಚನೆ ಮಾಡಿದೆ ಗೊತ್ತುಂಟಾ? ನಿನ್ನಲ್ಲಿ ಹೇಳ್ಲಿಕ್ಕೆ ನಾಚಿಕೆ ಆಯ್ತು."

ಆಗ ಹೇಳಿದೆ. ಕಂಬದಿಂದ ಹಿಡಿದು ಕೇಕಿನ ತಟ್ಟೆಯವರೆಗೆ, ಆ ಹೂಂ ತನಕ, ಒಂದನ್ನೂ ಬಿಡದೆ ಹೇಳಿದೆ. ಈ ಸಲ ತಮಾಷೆ ಯಾವುದೂ ಬಾಯಿಗೆ ಬರಲಿಲ್ಲ. ಅಮ್ಮ ಬೈಯುತ್ತಾಳೆಂದು ಕಾದೆ, ಅಳುತ್ತಾಳೆಂದು ಕಾದೆ. ಫೋನನ್ನು ಎಲ್ಲಿಗೋ ಒರಗಿಸಿಟ್ಟಿದ್ದಳು, ಪರದೆಯಲ್ಲಿ ಅವಳ ಭುಜ ಮತ್ತು ಅಡುಗೆಮನೆಯ ಗೋಡೆ ಮಾತ್ರ ಕಾಣುತ್ತಿತ್ತು.

"ಹಾಗಾದ್ರೆ ನಾನಲ್ಲ ಅಂತ ಅವರಿಗೆ ಗೊತ್ತೇ ಆಗ್ಲಿಲ್ಲ" ಎಂದಳು.

ಇಲ್ಲ ಅಮ್ಮ, ಗೊತ್ತಾಗಲಿಲ್ಲ ಎಂದೆ.